ದೊಡ್ಡಪ್ಪನ ಡಬ್ಬದಲ್ಲಿ ಎರಡು ಡಿಸ್ನಿಲ್ಯಾಂಡ್

ಪ್ರಶ್ನೆ: ನಮ್ಮ ದೊಡ್ಡಪ್ಪ ಅರವತ್ತರ ದಶಕದ ಕೊನೆಯಲ್ಲಿ ಕೆಲಸಕ್ಕೆ ಅಂತ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಕೆಲವು ವರ್ಷ ಅಲ್ಲೇ ಇದ್ದರು. ಅವರು ತೀರಿಕೊಂಡ ಮೇಲೆ ಬೀರು ಖಾಲಿ ಮಾಡುವಾಗ ಒಂದು ಬಿಸ್ಕತ್ತಿನ ಡಬ್ಬ ಸಿಕ್ಕಿತು. ಅದರಲ್ಲಿ ಸುಮಾರು 140 ಸ್ಲೈಡ್ (ರಟ್ಟಿನ ಚೌಕಟ್ಟಿನಲ್ಲಿ ಕೂರಿಸಿದ ಫಿಲ್ಮಿನ ತುಂಡುಗಳು), ಒಂದಷ್ಟು ಚೌಕ ಪ್ರಿಂಟ್, ಅರ್ಧ ಹರಿದ ಒಂದು ಟಿಕೆಟ್ ಪುಸ್ತಕ. ಬಹುಪಾಲು ಡಿಸ್ನಿಲ್ಯಾಂಡಿನವು. ಹೋಗಿದ್ದು 1968ರಲ್ಲಿ ಅಂತ ದೊಡ್ಡಮ್ಮ ಹೇಳ್ತಾರೆ. ಅವರ ಮಗಳು, ಅಂದ್ರೆ ನಮ್ಮ ಅಕ್ಕ, ಅಲ್ಲ 1971, ಫೋಟೊದಲ್ಲಿ ನಾನೂ ಇದ್ದೀನಲ್ಲ ಅಂತಾಳೆ (ಅವಳು ಹುಟ್ಟಿದ್ದು 1969ರಲ್ಲಿ). ಯಾರದ್ದು ಸರಿ? ಅರ್ಧದಷ್ಟು ಸ್ಲೈಡ್ ಪೂರ್ತಿ ಕೆಂಪಾಗಿವೆ, ಅವನ್ನು ಸರಿ ಮಾಡಬಹುದಾ? ಮಸುಕಾಗಿರೋದು, ತಲೆ ಕತ್ತರಿಸಿ ಹೋಗಿರೋದು ತುಂಬಾ ಇವೆ. ಅವನ್ನಾದರೂ ಎಸೆಯಬಹುದಾ? ಹತ್ತು ಸ್ಲೈಡನ್ನು ಮೊಬೈಲಿನಲ್ಲಿ ತೆಗೆದು ಕಳಿಸಿದ್ದೇನೆ.

ಉತ್ತರ: ಸದ್ಯಕ್ಕೆ ಒಂದನ್ನೂ ಎಸೆಯಬೇಡಿ. ಮುಖ್ಯವಾಗಿ ತಲೆ ಕತ್ತರಿಸಿ ಹೋದವನ್ನು. ಯಾಕೆ ಅಂತ ಆಮೇಲೆ ಹೇಳ್ತೀನಿ, ಮೊದಲು ಮನೆಯ ಜಗಳ ಬಿಡಿಸೋಣ.

ದೊಡ್ಡಮ್ಮ ಹೇಳಿದ್ದೂ ಸರಿ, ಅಕ್ಕ ಹೇಳಿದ್ದೂ ಸರಿ. ಡಬ್ಬದಲ್ಲಿರೋದು ಒಂದು ಪ್ರವಾಸ ಅಲ್ಲ, ಎರಡು.

ನೀವು ಕಳಿಸಿದ ಮೂರನೇ ಫೋಟೊ ನೋಡಿ. ಕಂಬಗಳಿರುವ ಬಿಳಿ ಬಂಗಲೆ, ಕಬ್ಬಿಣದ ಕಟಕಟೆ, ಮುಚ್ಚಿದ ಗೇಟು, ಪಕ್ಕದಲ್ಲಿ ಒಂದು ಬೋರ್ಡು, ಅದರ ಮುಂದೆ ಹಸಿರು ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು ನಿಂತ ದೊಡ್ಡಮ್ಮ. ಅದು ಹಾಂಟೆಡ್ ಮ್ಯಾನ್ಶನ್, ಅಂದರೆ ದೆವ್ವದ ಬಂಗಲೆ. ಇದರ ಕಥೆ ಸ್ವಲ್ಪ ವಿಚಿತ್ರ. ಹೊರಗಿನ ಕಟ್ಟಡ 1963ರಲ್ಲೇ ಎದ್ದಿತ್ತು, ಆದರೆ ಜನರನ್ನು ಒಳಗೆ ಬಿಟ್ಟಿದ್ದು 1969ರ ಆಗಸ್ಟ್‌ನಲ್ಲಿ. ನಡುವೆ ಅಲ್ಲಿನ ಕೆಲಸಗಾರರೆಲ್ಲ 1964ರ ನ್ಯೂಯಾರ್ಕ್ ವಿಶ್ವಮೇಳದ ಕೆಲಸಕ್ಕೆ ಹೋದರು, 1966ರ ಡಿಸೆಂಬರ್‌ನಲ್ಲಿ ವಾಲ್ಟ್ ಡಿಸ್ನಿ ತೀರಿಕೊಂಡರು, ಹೀಗೆ ಕೆಲಸ ಎಳೆದುಕೊಂಡೇ ಹೋಯಿತು. ಅಷ್ಟು ವರ್ಷ ಆ ಬಂಗಲೆ ಬಣ್ಣ ಬಳಿದುಕೊಂಡು ಸುಮ್ನೆ ನಿಂತಿತ್ತು. ದೆವ್ವಗಳಿಗೆ ಇಲ್ಲಿ ಮನೆ ಖಾಲಿ ಇದೆ, ನಿವೃತ್ತಿ ಬೇಕಾದವರು ಅರ್ಜಿ ಹಾಕಿ ಅನ್ನೋ ಧಾಟಿಯ ತಮಾಷೆಯ ಬೋರ್ಡೊಂದನ್ನು ಗೇಟಿನ ಹತ್ತಿರ ಹಾಕಿದ್ದರು. ದೊಡ್ಡಮ್ಮ ನಿಂತಿರೋದು ಅದೇ ಬೋರ್ಡಿನ ಮುಂದೆ. ಹಾಗಾಗಿ ಈ ಫೋಟೊ 1969ರ ಆಗಸ್ಟಿಗಿಂತ ಮುಂಚಿನದು.

ಎಷ್ಟು ಮುಂಚೆ? ಅದಕ್ಕೆ ಐದನೇ ಫೋಟೊ. ದೊಡ್ಡಮ್ಮನ ತಲೆಯ ಮೇಲೆ ಎತ್ತರದ ಹಳಿಯಲ್ಲಿ ಪುಟ್ಟ ಪುಟ್ಟ ಬಂಡಿಗಳ ಸಾಲು ಹೋಗ್ತಿದೆಯಲ್ಲ, ಅದರ ಹೆಸರು ಪೀಪಲ್‌ಮೂವರ್. ಟುಮಾರೋಲ್ಯಾಂಡ್ ಅನ್ನೋ ಭಾಗವನ್ನು ಹೊಸದಾಗಿ ಕಟ್ಟಿ 1967ರ ಜುಲೈನಲ್ಲಿ ತೆರೆದಾಗ ಬಂದದ್ದು. ಅಂದರೆ 1967ರ ಜುಲೈ ಮತ್ತು 1969ರ ಆಗಸ್ಟ್ ನಡುವಿನ ಎರಡು ವರ್ಷಕ್ಕೆ ಬಂದೆವು. ಇನ್ನು ಚೌಕ ಪ್ರಿಂಟುಗಳ ಬಿಳಿ ಅಂಚಿನಲ್ಲಿ ಸಣ್ಣಕ್ಷರದಲ್ಲಿ 'ಸೆಪ್ 68' ಅಂತ ಅಚ್ಚಾಗಿದೆ ಅಂತ ನೀವೇ ಬರೆದಿದ್ದೀರಿ. ದೊಡ್ಡಮ್ಮ ಗೆದ್ದರು.

ಆದರೆ ಎಂಟನೇ ಫೋಟೊದಲ್ಲಿ ಅದೇ ಬಂಗಲೆಯ ಮುಂದೆ ಉದ್ದ ಸಾಲು ನಿಂತಿದೆ, ಗೇಟು ತೆರೆದಿದೆ, ದೊಡ್ಡಮ್ಮನ ಸೊಂಟದ ಮೇಲೆ ಎರಡು, ಎರಡೂವರೆ ವರ್ಷದ ಮಗು. ಸ್ಲೈಡಿನ ರಟ್ಟಿನ ಮೇಲೆ 'ಜನವರಿ 72'. ಇಲ್ಲಿ ತುಂಬಾ ಜನ ಎಡವುತ್ತಾರೆ. ಆ ತಿಂಗಳು ಫೋಟೊ ತೆಗೆದದ್ದಲ್ಲ, ಲ್ಯಾಬಿನಲ್ಲಿ ರೋಲ್ ತೊಳೆದದ್ದು. ಫೋಟೊ ಅದಕ್ಕಿಂತ ನಂತರದ್ದಾಗಿರಲು ಸಾಧ್ಯವಿಲ್ಲ, ಎಷ್ಟು ಬೇಕಾದರೂ ಮುಂಚಿನದಾಗಿರಬಹುದು. ಆ ಕಾಲದಲ್ಲಿ 36 ಫೋಟೊದ ಒಂದು ರೋಲ್ ಅಂದರೆ ಕೆಲವು ಮನೆಗಳಲ್ಲಿ ಒಂದು ವರ್ಷದ ಸಾಮಾನು. ಹುಟ್ಟುಹಬ್ಬ, ಹಿಮ, ಮತ್ತೆ ಹುಟ್ಟುಹಬ್ಬ, ಎಲ್ಲ ಒಂದೇ ರೋಲಿನಲ್ಲಿ ಸಿಕ್ಕಿದ್ದನ್ನು ನಾನೇ ನೋಡಿದ್ದೇನೆ. ನಿಮ್ಮ ಅದೃಷ್ಟಕ್ಕೆ ಒಂಬತ್ತನೇ ಫೋಟೊದಲ್ಲಿ ಬೀದಿಯ ಮಧ್ಯೆ ದೊಡ್ಡ ಕ್ರಿಸ್‌ಮಸ್ ಮರ ಇದೆ, ಮೌಂಟಿನ ಮೇಲೆ, ಅಂದರೆ ರಟ್ಟಿನ ಚೌಕಟ್ಟಿನ ಮೇಲೆ, ಅದೇ ತಿಂಗಳಿದೆ. ಹಾಗಾದರೆ 1971ರ ಡಿಸೆಂಬರ್ ಅಂತ ಧೈರ್ಯವಾಗಿ ಬರೆದಿಡಿ. ಅಕ್ಕನೂ ಗೆದ್ದಳು.

1971 ಅಂದ ಕೂಡಲೇ ನಾನು ಇನ್ನೊಂದು ಅನುಮಾನವನ್ನೂ ಪರೀಕ್ಷೆ ಮಾಡಿದೆ. ಆ ವರ್ಷ ಅಕ್ಟೋಬರ್ 1ಕ್ಕೆ ಫ್ಲೋರಿಡಾದಲ್ಲಿ ಎರಡನೇ ಪಾರ್ಕು, ವಾಲ್ಟ್ ಡಿಸ್ನಿ ವರ್ಲ್ಡ್ ತೆರೆಯಿತು. ಎಷ್ಟೋ ಮನೆಗಳಲ್ಲಿ ಈ ಎರಡೂ ಕಲಸಿ ಹೋಗಿರುತ್ತವೆ. ಕೋಟೆ ನೋಡಿದರೆ ಗೊತ್ತಾಗುತ್ತದೆ. ಕ್ಯಾಲಿಫೋರ್ನಿಯಾದ ಕೋಟೆ ಪುಟ್ಟದು, 77 ಅಡಿ, ಪಕ್ಕದ ಮರಗಳ ನಡುವೆ ಕೂತಂತೆ ಕಾಣುತ್ತದೆ. ಫ್ಲೋರಿಡಾದ್ದು 189 ಅಡಿ, ಆಕಾಶಕ್ಕೆ ಚುಚ್ಚಿದ ಹಾಗೆ. ಅಲ್ಲಿನ ದೆವ್ವದ ಬಂಗಲೆಯೂ ಇಟ್ಟಿಗೆಯದು, ಬಿಳಿಯದಲ್ಲ. ನಿಮ್ಮವು ಎರಡೂ ಸಲ ಕ್ಯಾಲಿಫೋರ್ನಿಯಾದ ಆನಹೈಮ್‌ನವೇ.

ಉಳಿದ 130 ಸ್ಲೈಡಿಗೆ ನೀವೇ ಕೂತು ಇದೇ ಆಟ ಆಡಬಹುದು. ಹಿಮ ಹೊದ್ದ ಬೆಟ್ಟ ಕಂಡರೆ ಅದು ಮ್ಯಾಟರ್‌ಹಾರ್ನ್, 1959ರ ನಂತರದ್ದು (ಸ್ವಿಟ್ಜರ್ಲೆಂಡಿನ ನಿಜವಾದ ಬೆಟ್ಟದ ನೂರರಲ್ಲೊಂದು ಎತ್ತರಕ್ಕೆ, 147 ಅಡಿಗೆ, ಕಟ್ಟಿದ್ದು). ಬೊಂಬೆಗಳ ಬಿಳಿ ಮತ್ತು ಚಿನ್ನದ ಬಣ್ಣದ ಗಡಿಯಾರ ಗೋಡೆ 1966ರದ್ದು. ಎಲ್ಲಾದರೂ ವಾಲ್ಟ್ ಡಿಸ್ನಿ ಮಿಕ್ಕಿಯ ಕೈ ಹಿಡಿದು ನಿಂತ ಕಂಚಿನ ಪ್ರತಿಮೆ ಕಂಡರೆ ಅದು 1993ರ ಆಚೆಯದು, ಬೇರೆ ಯಾರದೋ ಫೋಟೊ ನಿಮ್ಮ ಡಬ್ಬಕ್ಕೆ ಬಂದಿದೆ ಅಂತ ಅರ್ಥ. ಹಾಗೆಯೇ ಮೌಂಟಿನ ಮೇಲೆ ತಿಂಗಳಿನ ಜೊತೆಗೆ ಒಂದು ಸಣ್ಣ ಸಂಖ್ಯೆಯೂ ಇರುತ್ತದೆ, ರೋಲಿನಲ್ಲಿ ಅದು ಎಷ್ಟನೇ ಫೋಟೊ ಅಂತ. ಒಂದೇ ತಿಂಗಳಿನವನ್ನು ಒಟ್ಟು ಮಾಡಿ ಸಂಖ್ಯೆ ಪ್ರಕಾರ ಜೋಡಿಸಿದರೆ ಆ ದಿನ ಅವರು ಯಾವ ದಾರಿಯಲ್ಲಿ ನಡೆದರು, ಎಲ್ಲಿ ತುಂಬಾ ಹೊತ್ತು ನಿಂತರು, ಎಷ್ಟು ಹೊತ್ತಿಗೆ ನೆರಳು ಉದ್ದ ಆಯ್ತು, ಎಲ್ಲ ಮೇಜಿನ ಮೇಲೆ ಬಂದು ಕೂರುತ್ತದೆ. ಬೇರೆ ಏನೂ ಮಾಡದಿದ್ದರೂ ಇದೊಂದು ಮಾಡಿ. ಜೋಡಿಸಿದ ಮೇಲೆ ಮೊಬೈಲಿನಲ್ಲಿ ಆ ಸಾಲನ್ನು ಹಾಗೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ಯಾಕಂದ್ರೆ ಮನೆಗೆ ಬಂದ ಯಾವುದಾದರೂ ಮಗು ಅದನ್ನು ಕಲಸಿಯೇ ಕಲಸುತ್ತದೆ.

ಈಗ ಕೆಂಪು.

1968ರ ಸ್ಲೈಡುಗಳ ಬಣ್ಣ ನಿನ್ನೆ ತೆಗೆದ ಹಾಗಿದೆ, 1971ರವು ಕುಂಕುಮದ ನೀರಿನಲ್ಲಿ ಅದ್ದಿದ ಹಾಗಿವೆ. ಹೊಸದೇ ಮೊದಲು ಹಾಳಾಗಿದ್ದು ಹೇಗೆ ಅಂತ ನಿಮಗೆ ಆಶ್ಚರ್ಯ ಆಗಿರಬೇಕು. ಕಾರಣ ಫಿಲ್ಮು. ಮೊದಲಿನವು ಕೊಡಾಕ್ರೋಮ್. ಅದರ ಫಿಲ್ಮಿನಲ್ಲಿ ಬಣ್ಣ ಹುಟ್ಟಿಸುವ ರಾಸಾಯನಿಕ ಇರುತ್ತಿರಲಿಲ್ಲ, ತೊಳೆಯುವಾಗ ಲ್ಯಾಬಿನಲ್ಲಿ ಸೇರಿಸುತ್ತಿದ್ದರು. ಅದಕ್ಕೇ ಕತ್ತಲಲ್ಲಿಟ್ಟರೆ ಬಣ್ಣ ಗಟ್ಟಿ ನಿಲ್ಲುತ್ತಿತ್ತು. ಆ ತೊಳೆಯುವ ಕೆಲಸ ಎಷ್ಟು ರಗಳೆಯದ್ದು ಅಂದರೆ ಈಗ ಜಗತ್ತಿನಲ್ಲಿ ಎಲ್ಲೂ ಮಾಡುವುದಿಲ್ಲ. ಕೊಡಾಕ್ 2009ರಲ್ಲಿ ಫಿಲ್ಮ್ ನಿಲ್ಲಿಸಿತು, ಅಮೆರಿಕದ ಕ್ಯಾನ್ಸಸ್‌ನಲ್ಲಿದ್ದ ಕೊನೆಯ ಲ್ಯಾಬ್ 2010ರ ಡಿಸೆಂಬರ್ ಕೊನೆಗೆ ಕೈ ತೊಳೆದುಕೊಂಡಿತು. ಎರಡನೇ ಸಲ ದೊಡ್ಡಪ್ಪ ಹಾಕಿದ್ದು ಎಕ್ಟಾಕ್ರೋಮ್ ಅಥವಾ ಅದರ ಜಾತಿಯ ಫಿಲ್ಮು. ಅದರಲ್ಲಿ ಬಣ್ಣದ ಸಾಮಾನು ಫಿಲ್ಮಿನೊಳಗೇ ಇರುತ್ತದೆ, ಆ ಕಾಲದ ಸಯಾನ್ (ನೀಲಿ ಮತ್ತು ಹಸಿರು ಬೆರೆತ) ಬಣ್ಣ ತುಂಬಾ ಸೂಕ್ಷ್ಮ, ಅದು ಮೊದಲು ಮಾಸುತ್ತದೆ. ನೀಲಿ ಹಸಿರು ಹೋದ ಮೇಲೆ ಉಳಿಯೋದು ಕೆಂಪು ತಾನೆ?

ಯಾವುದು ಯಾವ ಫಿಲ್ಮು ಅಂತ ಮೌಂಟಿನ ಮೇಲೆ ಹೆಸರಿರುತ್ತದೆ. ಹೆಸರಿಲ್ಲದಿದ್ದರೆ ಸ್ಲೈಡನ್ನು ಅಂಚು ಹಿಡಿದು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ. ಕೊಡಾಕ್ರೋಮ್ ಆದರೆ ಒಂದು ಕಡೆ ಚಿತ್ರ ಉಬ್ಬಿಕೊಂಡು ಕಾಣುತ್ತದೆ. ಕೋಟೆಯ ಗೋಪುರ, ಸೀರೆಯ ಅಂಚು ಎಲ್ಲ ಸಣ್ಣಗೆ ಕೆತ್ತಿದ ಹಾಗೆ. ಮುಟ್ಟಿ ನೋಡಬೇಡಿ, ಕಣ್ಣಲ್ಲೇ ನೋಡಿ. ಎಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದರೂ ನನಗೆ ಇದು ಪ್ರತಿ ಸಲ ಖುಷಿ ಕೊಡುತ್ತದೆ.

ಕೆಂಪಾದ ಸ್ಲೈಡನ್ನು ಮತ್ತೆ ಮೊದಲಿನಂತೆ ಮಾಡಲು ಆಗುವುದಿಲ್ಲ. ಹೋದ ಬಣ್ಣ ಹೋಯಿತು. ಸ್ಕ್ಯಾನ್ ಮಾಡಿದ ಪ್ರತಿಯಲ್ಲಿ ಮಾತ್ರ ತಕ್ಕಮಟ್ಟಿಗೆ ವಾಪಸ್ ತರಬಹುದು, ಮತ್ತು ನೀವು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿ ಬರುತ್ತದೆ. ಒಳ್ಳೆಯ ಸ್ಕ್ಯಾನರ್‌ಗಳ ಜೊತೆ ಬರುವ ತಂತ್ರಾಂಶದಲ್ಲಿ ಮಾಸಿದ ಬಣ್ಣ ಸರಿ ಮಾಡುವ ಆಯ್ಕೆ ಇರುತ್ತದೆ. ಆದರೆ ಮೊದಲ ಸ್ಕ್ಯಾನ್ ಏನೂ ತಿದ್ದದೆ ಹಾಗೇ ಮಾಡಿ, ಟಿಫ್ (ಚಿತ್ರದ ವಿವರ ಕಳೆಯದೆ ಉಳಿಸುವ ಬಗೆ) ಕಡತವಾಗಿ ಉಳಿಸಿ, ಬಣ್ಣದ ವಿವರ ಹೆಚ್ಚು ಸಿಗುವ 16 ಬಿಟ್ ಇಟ್ಟುಕೊಳ್ಳಿ. ತಿದ್ದೋದೆಲ್ಲ ಅದರ ನಕಲಿನ ಮೇಲೆ. 35 ಎಂಎಂ ಸ್ಲೈಡಿಗೆ 3200 ಡಿಪಿಐ (ಒಂದು ಇಂಚಿಗೆ ಇಷ್ಟು ಚುಕ್ಕೆ ಅನ್ನೋ ಲೆಕ್ಕ) ಸಾಕು. ಫೋಟೊ ಇರುವ ಜಾಗ 36×24 ಮಿಲಿಮೀಟರ್, ಲೆಕ್ಕ ಹಾಕಿದರೆ ಸುಮಾರು 4500×3000 ಪಿಕ್ಸೆಲ್ ಸಿಗುತ್ತದೆ, ಗೋಡೆಗೆ ಹಾಕುವಷ್ಟು ದೊಡ್ಡ ಪ್ರಿಂಟಿಗೂ ಆಗುತ್ತದೆ. ಚೌಕ ಪ್ರಿಂಟಿಗೆ 600 ಸಾಕು. ಆ ಚೌಕದವು ಬಹುಶಃ ಇನ್‌ಸ್ಟಾಮ್ಯಾಟಿಕ್ ಕ್ಯಾಮೆರಾದವು, 1963ರಲ್ಲಿ ಬಂದದ್ದು, ಫಿಲ್ಮನ್ನು ಡಬ್ಬಿ ಸಮೇತ ಒಳಗೆ ಹಾಕಿ ಮುಚ್ಚಿದರೆ ಮುಗಿಯಿತು. ಅವುಗಳ ನೆಗೆಟಿವ್ ಎಲ್ಲಾದರೂ ಇದ್ದರೆ ಪ್ರಿಂಟ್ ಬದಲು ಅದನ್ನೇ ಸ್ಕ್ಯಾನ್ ಮಾಡಿ.

ಒಂದು ಎಚ್ಚರಿಕೆ. ಸ್ಕ್ಯಾನರ್‌ನಲ್ಲಿ ಇನ್‌ಫ್ರಾರೆಡ್ ಬಳಸಿ ಧೂಳು, ಗೀರು ಅಳಿಸುವ ಸೌಲಭ್ಯ ಇದ್ದರೆ ಕೆಂಪು ಸ್ಲೈಡುಗಳಿಗೆ ಹಾಕಿ, ಕೊಡಾಕ್ರೋಮ್‌ಗೆ ಹಾಕಬೇಡಿ. ಆ ಫಿಲ್ಮು ಇನ್‌ಫ್ರಾರೆಡ್ ಬೆಳಕನ್ನೂ ತಡೆಯುತ್ತದೆ, ಯಂತ್ರ ಕಪ್ಪು ಕೂದಲನ್ನೂ ಕೊಳೆ ಅಂದುಕೊಂಡು ಸವರಿಬಿಡುತ್ತದೆ. ಕೊಡಾಕ್ರೋಮ್‌ಗೆ ಕೈಯಲ್ಲಿ ಒತ್ತುವ ಬ್ಲೋವರ್‌ನಿಂದ ಗಾಳಿ ಊದಿ, ಅಷ್ಟೇ. ಬಾಯಲ್ಲಿ ಊದಬೇಡಿ, ಎಂಜಲು ಹಾರುತ್ತದೆ. ನೀರು, ಒದ್ದೆ ಬಟ್ಟೆ, ಕನ್ನಡಕ ಒರೆಸುವ ದ್ರವ ಯಾವುದೂ ಬೇಡ. ಪ್ರೊಜೆಕ್ಟರ್ ಕೂಡ ಬೇಡ. ಕೊಡಾಕ್ರೋಮ್ ಕತ್ತಲಲ್ಲಿ ಎಷ್ಟು ಗಟ್ಟಿಯೋ ಪ್ರೊಜೆಕ್ಟರ್ ಬೆಳಕಿನಲ್ಲಿ ಅಷ್ಟೇ ದುರ್ಬಲ.

ಹೊರಗೆ ಕೊಟ್ಟು ಸ್ಕ್ಯಾನ್ ಮಾಡಿಸುವುದಾದರೆ ಮೊದಲೇ ಬಾಯಿಬಿಟ್ಟು ಹೇಳಿ: ರಟ್ಟಿನ ಮೌಂಟ್ ಬಿಚ್ಚಬಾರದು. ಹಿಂದೊಮ್ಮೆ ನಮ್ಮ ಮನೆಯ ಸ್ಲೈಡುಗಳನ್ನೇ ಒಬ್ಬರಿಗೆ ಕೊಟ್ಟಿದ್ದೆ. ಫಿಲ್ಮು ಸಪಾಟಾಗಿ ಕೂರಲಿ ಅಂತ ಎಲ್ಲ ರಟ್ಟನ್ನೂ ಬಿಚ್ಚಿ, ಫಿಲ್ಮಿನ ತುಂಡುಗಳನ್ನು ಒಂದು ಕವರಿನಲ್ಲಿ ಹಾಕಿ ವಾಪಸ್ ಕೊಟ್ಟರು. ರಟ್ಟು ಎಲ್ಲಿ ಅಂದರೆ ಕಸಕ್ಕೆ ಹೋಯ್ತು ಅಂದರು. ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದ ಹೆಸರುಗಳೆಲ್ಲ ಅದರ ಮೇಲಿದ್ದವು. ಸ್ಕ್ಯಾನ್ ಚೆನ್ನಾಗಿಯೇ ಬಂದಿದೆ, ಆದರೆ ಅದರಲ್ಲಿರುವ ಇಬ್ಬರು ಹೆಂಗಸರು ಯಾರು ಅಂತ ಇವತ್ತಿಗೂ ಯಾರಿಗೂ ತಿಳಿಯದು.

ಇನ್ನು ಮೊಬೈಲಿನ ಆ್ಯಪ್‌ಗಳು, ಒಂದು ಗುಂಡಿ ಒತ್ತಿದರೆ ಹಳೆ ಫೋಟೊ ಹೊಸದಾಗುತ್ತದೆ ಅನ್ನೋವು. ಬಣ್ಣಕ್ಕೆ ಬಳಸಿ, ಬೇಡ ಅನ್ನಲ್ಲ. ಮುಖಕ್ಕೆ ಬೇಡ. ಮಸುಕಾದ ಮುಖವನ್ನು ಅವು ಚೂಪು ಮಾಡುವುದಿಲ್ಲ, ತಾವೇ ಹೊಸ ಮುಖ ಬರೆಯುತ್ತವೆ. ನೋಡೋಕೆ ಚೆಂದ ಇರುತ್ತದೆ, ಆದರೆ ಅದು ನಿಮ್ಮ ದೊಡ್ಡಮ್ಮ ಅಲ್ಲ.

ಈಗ ಎಸೆಯುವ ವಿಷಯ. ನೀವು ಕಳಿಸಿದ ಹತ್ತರಲ್ಲಿ ಮೂರು ಫೋಟೊಗಳನ್ನು ನಾನು ತುಂಬಾ ಹೊತ್ತು ನೋಡಿದೆ: ನಾಲ್ಕು, ಏಳು ಮತ್ತು ಹತ್ತು. ಮೂರರಲ್ಲೂ ಕಂದು ಕೋಟಿನ ಒಬ್ಬ ಎತ್ತರದ ಗಂಡಸು. ನಾಲ್ಕರಲ್ಲಿ ಹಣೆಯಿಂದ ಮೇಲೆ ಇಲ್ಲ, ಏಳರಲ್ಲಿ ಮೂಗಿನಿಂದ ಮೇಲೆ ಇಲ್ಲ, ಹತ್ತರಲ್ಲಿ ಬರೀ ಕುತ್ತಿಗೆವರೆಗೆ, ಕೈಯಲ್ಲಿ ಮಗುವಿನ ಟೋಪಿ. ಮೂರೂ ಒಂದೇ ಕಡೆಗೆ ವಾಲಿವೆ. 'ಇವು ವೇಸ್ಟ್ ಅನ್ಸುತ್ತೆ' ಅಂತ ನೀವು ಕೆಳಗೆ ಬರೆದಿದ್ದೀರಿ.

ಉಳಿದ ಏಳರಲ್ಲಿ ಆ ಗಂಡಸು ಎಲ್ಲೂ ಇಲ್ಲ. ಯಾಕಂದ್ರೆ ಆ ಏಳನ್ನು ತೆಗೆದವರೇ ಅವರು. ಈ ಮೂರನ್ನು ತೆಗೆದದ್ದು ದೊಡ್ಡಮ್ಮ ಇರಬೇಕು. ಕ್ಯಾಮೆರಾ ಹಿಡಿದು ರೂಢಿ ಇಲ್ಲದವರು ಗುಂಡಿ ಒತ್ತುವಾಗ ಬಲಗೈ ಕೆಳಗೆ ಜಗ್ಗುತ್ತದೆ, ಫೋಟೊ ವಾಲುತ್ತದೆ. ತಲೆ ಕತ್ತರಿಸಿದ್ದಕ್ಕೆ ಮಾತ್ರ ಅವರನ್ನು ಬೈಯುವ ಹಾಗಿಲ್ಲ. ಆ ಕಾಲದ ಸಾಮಾನ್ಯ ಕ್ಯಾಮೆರಾಗಳಲ್ಲಿ ಕಣ್ಣಿಟ್ಟು ನೋಡುವ ಕಿಂಡಿ ಲೆನ್ಸಿನ ಮೇಲೆ, ಪ್ರತ್ಯೇಕವಾಗಿ ಇರುತ್ತಿತ್ತು. ದೂರದ ಕೋಟೆ ತೆಗೆಯುವಾಗ ಏನೂ ವ್ಯತ್ಯಾಸ ಆಗಲ್ಲ, ಹತ್ತಿರ ಹೋದಂತೆ ಕಿಂಡಿಯಲ್ಲಿ ಕಾಣುವುದಕ್ಕಿಂತ ಲೆನ್ಸು ಸ್ವಲ್ಪ ಕೆಳಗೆ ನೋಡುತ್ತದೆ. ಹಾಗಾಗಿ ತಲೆ ಹೋಗುತ್ತದೆ. ಕಿಂಡಿಯೊಳಗೆ ಅವರಿಗೆ ಗಂಡನ ಪೂರ್ತಿ ಮುಖ ಕಂಡಿತ್ತು. ಇನ್ನೂ ಹತ್ತಿರ ಹೋದರು, ಇನ್ನೂ ಜಾಸ್ತಿ ಕತ್ತರಿಸಿತು.

ಅಂದರೆ ವೇಸ್ಟ್ ಅಂತ ನೀವು ಬೇರೆ ತೆಗೆದಿಟ್ಟ ಕಟ್ಟಿನಲ್ಲಿ ದೊಡ್ಡಪ್ಪ ಇರುವ ಫೋಟೊಗಳಿವೆ, ದೊಡ್ಡಮ್ಮ ತೆಗೆದ ಫೋಟೊಗಳಿವೆ. ಚೆನ್ನಾಗಿದೆ ಅಂತ ಇಟ್ಟ ಕಟ್ಟಿನಲ್ಲಿ ಅವೆರಡೂ ಇಲ್ಲ. ಏನಾದರೂ ಎಸೆಯಲೇಬೇಕು ಅನ್ನಿಸಿದರೆ ಜನರೇ ಇಲ್ಲದ ಕೋಟೆಯ ಫೋಟೊ ಎಸೆಯಿರಿ. 1955ರ ಜುಲೈನಿಂದ ಇವತ್ತಿನವರೆಗೆ ಆ ಜಾಗದಲ್ಲಿ ನಿಂತು ಆ ಕೋಟೆಯನ್ನು ಎಷ್ಟು ಜನ ತೆಗೆದಿರಬಹುದು ಲೆಕ್ಕ ಹಾಕಿ. ಮಸುಕಾದ ಆರನೇ ಫೋಟೊ ಇದೆಯಲ್ಲ, ತಿರುಗುವ ದೊಡ್ಡ ಟೀ ಕಪ್ಪಿನಲ್ಲಿ ಯಾರೋ ಕೂತು ಸೆರಗು ಹಿಡಿದುಕೊಂಡಿರೋದು, ಅದರಲ್ಲಿ ಹಿಂದಿನ ಬೆಂಚು ನೋಡಿ. ಬೆಂಚಿನ ಮೇಲೆ ಒಂದು ಸ್ಟೀಲ್ ಡಬ್ಬ, ಮಡಿಸಿದ ಶಾಲು, ಕಾಗದದ ಚೀಲ. ನೂರು ಕೋಟೆಗೆ ಆ ಬೆಂಚು ಸಮ, ನನ್ನ ಲೆಕ್ಕದಲ್ಲಿ.

ಇಟ್ಟುಕೊಳ್ಳುವ ಬಗ್ಗೆ ಹೆಚ್ಚು ಹೇಳೋದಿಲ್ಲ. ತಂಪಾದ, ಒಣ ಜಾಗ. ಅಟ್ಟ ಬೇಡ, ಹೊರಗೋಡೆಗೆ ಅಂಟಿದ ಬೀರು ಬೇಡ. ಹೊಸ ಪ್ಲಾಸ್ಟಿಕ್ ವಾಸನೆ ಹೊಡೆಯುವ ಪಿವಿಸಿ ಹಾಳೆಗಳಲ್ಲಿ ಹಾಕಬೇಡಿ, ಪಾಲಿಪ್ರೊಪಿಲೀನ್ ಅಂತ ಬರೆದದ್ದು ತನ್ನಿ. ಡಬ್ಬ ತೆರೆದಾಗ ವಿನಿಗರ್ ವಾಸನೆ ಬಂದರೆ ಆ ಫಿಲ್ಮು ಕೊಳೆಯಲು ಶುರುವಾಗಿದೆ, ಅದನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿ. ಪ್ರಿಂಟುಗಳು ಆ ಅಂಟಂಟು ಹಾಳೆಯ ಆಲ್ಬಮ್ಮಿನಲ್ಲಿ ಕೂತುಬಿಟ್ಟಿದ್ದರೆ ಉಗುರಿನಿಂದ ಎಬ್ಬಿಸಬೇಡಿ. ಹಲ್ಲಿನ ಸಂದಿಗೆ ಬಳಸುವ ಫ್ಲಾಸ್ ದಾರ, ಮೇಣ ಇಲ್ಲದ್ದು, ಅದನ್ನು ಫೋಟೊದ ಕೆಳಗೆ ಗರಗಸದ ಹಾಗೆ ನಿಧಾನಕ್ಕೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಬರದಿದ್ದರೆ ಹಾಳೆಯ ಮೇಲೇ ಸ್ಕ್ಯಾನ್ ಮಾಡಿ.

ಸ್ಕ್ಯಾನ್ ಆದ ಮೇಲೆ ದೊಡ್ಡಮ್ಮನನ್ನು ಟಿವಿ ಮುಂದೆ ಕೂರಿಸಿ ಒಂದೊಂದೇ ತೋರಿಸಿ, ಮೊಬೈಲಿನಲ್ಲಿ ಧ್ವನಿ ರೆಕಾರ್ಡಿಗೆ ಇಡಿ. 'ಇದು ಯಾವ ವರ್ಷ' ಅಂತ ಮತ್ತೆ ಕೇಳಬೇಡಿ, ಅದು ನಮಗೆ ಗೊತ್ತಾಯ್ತಲ್ಲ. ಆ ಸ್ಟೀಲ್ ಡಬ್ಬದಲ್ಲಿ ಏನಿತ್ತು ಅಂತ ಕೇಳಿ.

ಮತ್ತೆ ಟಿಕೆಟ್ ಪುಸ್ತಕದ ಬಗ್ಗೆ ಕೇಳಿ. ಆಗ ಅಲ್ಲಿ ಒಂದೊಂದು ಆಟಕ್ಕೆ ಒಂದೊಂದು ಚೀಟಿ ಹರಿದು ಕೊಡಬೇಕಿತ್ತು. 'ಎ' ಇಂದ 'ಇ' ವರೆಗೆ ಐದು ದರ್ಜೆ. 'ಎ' ಅಂದರೆ ಬೀದಿಯ ಕುದುರೆ ಗಾಡಿಯಂಥ ಸಣ್ಣಪುಟ್ಟದ್ದು. 1959ರಲ್ಲಿ ಸೇರಿಸಿದ 'ಇ' ಅಂದರೆ ಮ್ಯಾಟರ್‌ಹಾರ್ನ್, ಜಲಾಂತರ್ಗಾಮಿ, ಆಮೇಲೆ ಕಡಲ್ಗಳ್ಳರು, ದೆವ್ವದ ಬಂಗಲೆ. 'ಇ ಟಿಕೆಟ್' ಅನ್ನೋದು ಅಮೆರಿಕದ ಆಡುಮಾತೇ ಆಗಿಹೋಯಿತು. 1983ರಲ್ಲಿ ಅಮೆರಿಕದ ಗಗನಯಾತ್ರಿ ಸ್ಯಾಲಿ ರೈಡ್ ಗಗನನೌಕೆಯಲ್ಲಿ ಮೇಲೇರಿದಾಗ ಈ ಸವಾರಿ ಖಂಡಿತಾ 'ಇ ಟಿಕೆಟ್' ಅಂದಿದ್ದರು. ಈ ಚೀಟಿ ಪದ್ಧತಿ 1982ರಲ್ಲೇ ನಿಂತುಹೋಗಿತ್ತು, ಮಾತು ಮಾತ್ರ ಉಳಿದಿತ್ತು. ಹಳೆಯ ಡಬ್ಬಗಳಲ್ಲಿ ಉಳಿದ 'ಎ', 'ಬಿ' ಚೀಟಿಗಳು ನನಗೆ ಬೇಕಾದಷ್ಟು ಸಿಕ್ಕಿವೆ, ಯಾರಿಗೂ ಅದು ಬೇಕಿರಲಿಲ್ಲ. 'ಇ' ಉಳಿಯುವುದು ಅಪರೂಪ. ನಿಮ್ಮ ಪುಸ್ತಕದಲ್ಲಿ ಎರಡು 'ಎ', ಒಂದು 'ಬಿ' ಜೊತೆ ಒಂದು 'ಇ' ಇದೆ, ಅದೂ ದೊಡ್ಡವರದ್ದು. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಇಬ್ಬರೂ ಒಟ್ಟಿಗೆ ಹತ್ತಲಾಗದ ಯಾವುದೋ ಆಟದ ಮುಂದೆ ಒಬ್ಬರು ಕೆಳಗೆ ಉಳಿದಿದ್ದಾರೆ. ಯಾರು, ಯಾವ ಆಟಕ್ಕೆ ಅಂತ ದೊಡ್ಡಮ್ಮನನ್ನು ಕೇಳಿ ನನಗೂ ಬರೆಯಿರಿ.